ಹೊತ್ತು ಮುಳುಗಿದ ಮೇಲೆ ಉಣ್ಣದ ನಾಯಿ

ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳುವ ಸಂಗತಿ ಅಲ್ಲ ಇದು. ಎಲ್ಲಿಯೋ ಕೇಳಿದ ಸುದ್ದಿಯೂ ಅಲ್ಲ ಮಾರಾಯ್ರೆ. ನಮ್ಮ ಚಿಕ್ಕಮ್ಮನ ಮಗ, ಗಣಿತದ ಮಾಷ್ಟ್ರು ಕೇಶವಪ್ರಸಾದನಿಗೇ ಆದದ್ದು.

ಮೂಡುಬಿದಿರೆಯ ಕೊನೆಯ ಬಸ್ಸಿನಿಂದ ಇಳಿದು ಅವನು ಪುತ್ತಿಗೆಯ ಪದವಿನ ಮೇಲೆ, ಆ ಬೋಳು ಕೆಂಪುಕಲ್ಲಿನ ಬಯಲಿನಲ್ಲಿ, ಮನೆಗೆ ನಡೆಯುತ್ತಿದ್ದ. ಆ ಪದವು ಮೊದಲು ನರಿಗಳದ್ದು. ಕೆಂಪುಕಲ್ಲು ಕಡಿದು ಬಿಟ್ಟ ಕೋರೆ, ಸುತ್ತ ಮುಳ್ಳುಪೊದೆ, ಪೊದೆಯ ಬುಡದಲ್ಲಿ ಅವುಗಳ ಬಿಲ. ಆಮೇಲೆ ಲೇಔಟು ಬಂತು, ಮನೆಗಳು ಎದ್ದವು, ಗೃಹಪ್ರವೇಶದ ಹೋಳಿಗೆ ನಾನೂ ತಿಂದು ಬಂದೆ. ಆದರೆ ನರಿಗಳಿಗೆ ಯಾರೂ ನೋಟೀಸು ಕೊಡಲಿಲ್ಲ ನೋಡಿ. ಅವು ಅಲ್ಲೇ ಉಳಿದವು.

ಪಕ್ಕದ ಮನೆ ಶ್ರೇಯಾಂಸಕುಮಾರರದ್ದು. ಜೈನರು, ಹೊತ್ತು ಮುಳುಗುವ ಮೊದಲೇ ಊಟ. ಅವರ ನಾಯಿ ಬೊಳ್ಳನಿಗೂ ಅದೇ ನಿಯಮ. ಕತ್ತಲಾದ ಮೇಲೆ ಹಾಲನ್ನ ಮೂಗಿಗೆ ಹಿಡಿದರೂ ಮುಖ ತಿರುಗಿಸುತ್ತಿತ್ತು. "ನಿಮ್ಮ ನಾಯಿ ದೀಕ್ಷೆ ತಗೊಂಡಿದೆಯಾ?" ಎಂದು ಕೇಶವ ತಮಾಷೆ ಮಾಡುತ್ತಿದ್ದ. ತನ್ನ ನಾಯಿ ಚಿಂಟುವಿಗೆ ಮಾತ್ರ ರಾತ್ರಿ ಮಿಕ್ಕ ಅನ್ನ, ಮೀನಿನ ಮುಳ್ಳು, ಎಲ್ಲ ಅಂಗಳದಲ್ಲಿಯೇ. ಚಿಂಟು ಅರ್ಧ ತಿನ್ನುವುದು, ಅರ್ಧ ಬಿಡುವುದು.

"ರಾತ್ರಿ ಹೊರಗೆ ಇಡಬೇಡಿ ಮಾಷ್ಟ್ರೇ, ವಾಸನೆಗೆ ನರಿ ಬರ್ತದೆ," ಎನ್ನುತ್ತಿದ್ದರು ಶ್ರೇಯಾಂಸರು.

"ಒಂದು ಮುಷ್ಟಿ ಅನ್ನಕ್ಕೆ ಎಂತ ಆಗ್ತದೆ ಸ್ವಾಮಿ?"

ಆಯಿತು. ಒಂದು ರಾತ್ರಿ ಆ ಅನ್ನಕ್ಕೆ ಬಂದ ನರಿಗಳನ್ನು ಅಟ್ಟಲು ಬೊಳ್ಳ ಎರಡು ಮನೆಗಳ ನಡುವಿನ ಪಾಗಾರದ ಗೋಡೆ ಹಾರಿತು. ಮಾರನೆಯ ಬೆಳಿಗ್ಗೆ ಕೋರೆಯ ತಿರುವಿನಲ್ಲಿ ಅದರ ಹೆಣ ಸಿಕ್ಕಿತು... ಅಂದಿನಿಂದ ಕೇಶವನ ಅಂಗಳದಲ್ಲಿ ಒಂದು ಅಗುಳಿಲ್ಲ.

ಕೊನೆಯ ಬಸ್ಸಿಳಿದು ಬರುತ್ತಿದ್ದ ಕೇಶವನಿಗೆ ಈಗ ಅದೇ ತಿರುವು. ಎದುರಿಗೆ ಏನೋ ಓಡಿ ಬಂದು ಕಾಲಿಗೆ ಬಿತ್ತು. ಚಿಂಟು! ಗೇಟಿನ ಚಿಲಕ ಸರಿಯಾಗಿ ಬಿದ್ದಿರಲಿಲ್ಲ, ಯಜಮಾನನನ್ನು ಎದುರುಗೊಳ್ಳಲು ಹೊರಟಿದೆ. ಮಗಳು ನವ್ಯಶ್ರೀ ಬಾಟಲಿ ಹಾಲು ಕುಡಿಸಿ ಬೆಳೆಸಿದ ಗಿಡ್ಡ ಜೀವ ಅದು.

ಕೋರೆಯ ಆಚೆಯಿಂದ ಒಂದು ಊಳು... ಊ...ವ್. ಈಚೆಯಿಂದ ಉತ್ತರ. ಮತ್ತೆ ಎಲ್ಲ ಗಪ್‌ಚಿಪ್. ಅದೇ ಹೆಚ್ಚು ಹೆದರಿಕೆ. ಒಣ ಹುಲ್ಲು ಚರಚರ ಅಂದಿತು. ಮೊಬೈಲಿನ ಬೆಳಕು ಹಾಯಿಸಿದರೆ ಮುಂದೆಯೂ ಹಿಂದೆಯೂ ಹಸಿರು ಕಣ್ಣುಗಳು. ಚಿಂಟುವನ್ನು ಎತ್ತಿ ಅಂಗಿಯೊಳಗೆ ತುರುಕಿಕೊಂಡು ಹೆಂಡತಿಗೆ ಫೋನು ಮಾಡಿದ.

"ವಸುಧಾ... ಗೇಟು ತೆಗೆದಿಡು."

"ಎಂತಕ್ಕೆ ಪಿಸುಗುಡ್ತೀರಿ?"

"ತೆಗಿ ಮಾರಾಯ್ತಿ..."

ಆಗ ಕೇಳಿತು. ಹಿಂದಿನಿಂದ. ಟಕ್... ಟಕ್... ಟಕ್... ಸ್ರ್ರ್. ಮೂರು ಕಾಲಿನ ಉಗುರು ಕಲ್ಲಿಗೆ ತಾಗುವ ಸದ್ದು, ನಾಲ್ಕನೆಯದು ಎಳೆಯುವ ಸದ್ದು. ಬದುಕಿದ್ದಾಗ, ರಿಕ್ಷಾ ತಾಗಿದ ಮೇಲೆ, ಬೊಳ್ಳನ ಒಂದು ಹಿಂಗಾಲು ಹಾಗೆ ಎಳೆಯುತ್ತಿತ್ತು... ಕೇಶವ ಬೆಳಕು ತಿರುಗಿಸಿದ. ಏನೂ ಇಲ್ಲ. ಬರೀ ಕೆಂಪು ನೆಲ. ಆದರೆ ಸದ್ದು ಅವನ ಪಕ್ಕದಿಂದ ಸುತ್ತಿ ಮುಂದೆ ಹೋಯಿತು. ಅದು ಹೋದ ಕಡೆ ಹಸಿರು ಕಣ್ಣು ಒಂದೊಂದೇ ಆರಿದವು. ಅಂಗಿಯೊಳಗೆ ಚಿಂಟುವಿನ ನಡುಕ ನಿಂತಿತು. ಬಾಲ ಅವನ ಹೊಟ್ಟೆಗೆ ಪಟಪಟ ಬಡಿಯತೊಡಗಿತು. ಗುರುತಿನವರನ್ನು ಕಂಡ ಹಾಗೆ!

ಟಕ್ ಟಕ್ ಟಕ್ ಸ್ರ್ರ್... ಮನೆಯವರೆಗೂ ಬಂತು. ಶ್ರೇಯಾಂಸರ ಪಾಗಾರದ ಹತ್ತಿರ ನಿಂತಿತು. ಶ್ರೇಯಾಂಸರು ಬಾಗಿಲಲ್ಲೇ ಇದ್ದರು.

"ಕೇಳಿತಾ ಮಾಷ್ಟ್ರೇ?"

"ನಿಮಗೂ..."

"ದಿನಾ. ಹೋಗಿ, ಮಲಗಿ."

ಕೇಶವನಿಗೆ ನಿದ್ದೆ ಎಲ್ಲಿಂದ? ಗಂಡಹೆಂಡತಿ ಬೊಳ್ಳನಿಗೆಂದು ಹಾಲನ್ನ ಕಲಸಿ ಮತ್ತೆ ಹೋಗಿ ಶ್ರೇಯಾಂಸರ ಬಾಗಿಲು ತಟ್ಟಿದರು. ಬೊಳ್ಳನ ಕಲ್ಲಿನ ಬಟ್ಟಲು ಸಿಟೌಟಿನ ಗ್ರಿಲ್ಲಿನೊಳಗೆ ಹಾಗೆಯೇ ಇತ್ತು. "ಈಗ ಅದು ಮುಟ್ಟುವುದಿಲ್ಲ ಮಗ," ಎಂದರು ಶ್ರೇಯಾಂಸರ ಹೆಂಡತಿ ಕಮಲಾವತಿ, ಮೆಲ್ಲಗೆ. ಆದರೂ ಗ್ರಿಲ್ಲು ತೆಗೆದರು. ಅನ್ನ ಸುರಿದು ಬೀಗ ಹಾಕಿದ್ದಾಯಿತು. ಬೆಳಿಗ್ಗೆ ನೋಡಿದರೆ ಅನ್ನ ಇಟ್ಟ ಹಾಗೆಯೇ ಕೆನೆಗಟ್ಟಿತ್ತು. ಒಂದು ಇರುವೆ ಸಹ ಹತ್ತಿರ ಬಂದಿರಲಿಲ್ಲ.

ಬಟ್ಟಲು ತೊಳೆದು, ಅದೇ ಸಂಜೆ, ಬಿಸಿಲು ಇನ್ನೂ ಪಾಗಾರದ ಮೇಲೆ ಇರುವಾಗ ಕೇಶವ ತಾನೇ ಹೊಸ ಅನ್ನ ಹಾಕಿದ. ತಾನೇ ಬೀಗ ಹಾಕಿ ಬೀಗದ ಕೈ ಜೇಬಿಗೆ ಇಳಿಸಿದ. ಚಿಂಟು ಮನೆಯಲ್ಲಿ ಸರಪಳಿಯಲ್ಲಿತ್ತು. ಒಳಗೆ ಕಮಲಾವತಿ ದೀಪ ಹಚ್ಚಿ, ಕೈ ಮುಗಿದು, ಅವನನ್ನು ಕರೆದುಕೊಂಡು ಸಿಟೌಟಿಗೆ ಬಂದರು.

ಇದು ಅವನು ನನ್ನ ಕೈ ಹಿಡಿದುಕೊಂಡು ಹೇಳಿದ್ದು. ಗಣಿತದ ಮಾಷ್ಟ್ರು, ದೇವಸ್ಥಾನದಲ್ಲಿ ಸಹ ಗಡಿಯಾರ ನೋಡುವ ಆಸಾಮಿ, ಸುಳ್ಳು ಹೇಳಿ ಅವನಿಗೆ ಸಿಗುವುದೆಂತ? ಬೀಗ ಹಾಕಿದ ಹಾಗೆಯೇ ಇತ್ತು. ಬಟ್ಟಲು ಖಾಲಿ. ಕಲ್ಲಿನ ಮೇಲೆ ನಾಲಗೆ ಎಳೆದ ಒದ್ದೆ ಇನ್ನೂ ಆರಿರಲಿಲ್ಲ.