ಹಸಿರು ಚುಕ್ಕೆ ಇಟ್ಟ ಬುಗುರಿ

ಕ್ಲಿನಿಕ್ಕಿಗೆ ಅರ್ಧ ದಿನ ಬೀಗ ಹಾಕಿ ಬಂದು ಈ ಸಭೆಯ ಅಧ್ಯಕ್ಷತೆ ವಹಿಸಿರುವ ದಂತವೈದ್ಯರೇ, ವಾಚನಾಲಯದ ಮಹಡಿಯನ್ನು ಪ್ರತಿ ತಿಂಗಳೂ ಒಂದು ಭಾನುವಾರ ನಮ್ಮ ಗಲಾಟೆಗೆ ಬಿಟ್ಟುಕೊಡುವ, ಇಂದಿನ ಮುಖ್ಯ ಅತಿಥಿಗಳಾದ ಗ್ರಂಥಪಾಲಕರೇ, ಬುಗುರಿ ಸಂಘದ ಪದಾಧಿಕಾರಿಗಳೇ, ಸದಸ್ಯರೇ, ಸದಸ್ಯರ ಒತ್ತಾಯಕ್ಕೆ ಬಂದು ಹಿಂದಿನ ಸಾಲುಗಳಲ್ಲಿ ಗಡಿಯಾರ ನೋಡುತ್ತಿರುವ ಅವರ ಮನೆಯವರೇ, ಮೂರನೆಯ ಸಾಲಿನ ತುದಿಯಲ್ಲಿ ಕುಳಿತಿರುವ ನನ್ನ ಅಕ್ಕ, ಮತ್ತು ಎಲ್ಲ ಸಭಿಕರೇ.

ನೂರ ಎಂಬತ್ತಮೂರು ಬುಗುರಿಗಳನ್ನು ಕೂಡಿಟ್ಟಿದ್ದಾನೆ ಎಂಬ ಕಾರಣಕ್ಕೆ ಈ ಸಂಘ ಇಂದು ನನ್ನನ್ನು ಸನ್ಮಾನಿಸಲು ಹೊರಟಿದೆ. ಫಲಕ ಮೇಜಿನ ಮೇಲಿದೆ. ಅದು ಸ್ವಲ್ಪ ಹೊತ್ತು ಅಲ್ಲೇ ಇರಲಿ ಎಂದು ಅಧ್ಯಕ್ಷರಲ್ಲಿ ಕೇಳಿಕೊಂಡಿದ್ದೇನೆ. ನನ್ನ ಮಾತು ಮುಗಿದ ಮೇಲೂ ಕೊಡಬೇಕು ಅನ್ನಿಸಿದರೆ ಕೊಡಿ, ನಾನು ಬೇಡ ಅನ್ನುವುದಿಲ್ಲ. ಆದರೆ ನಿಮಗೆ ಹಾಗೆ ಅನ್ನಿಸಲಾರದು.

ನಾಲ್ಕು ವರ್ಷದ ಹಿಂದೆ ಇದೇ ಸಭಾಂಗಣದಲ್ಲಿ, ಬುಗುರಿಯನ್ನು ಉಜ್ಜಿ ತೂಕ ಬದಲಾಯಿಸಿದ್ದಾರೆ ಎಂಬ ಕಾರಣ ಕೊಟ್ಟು, ಸಂಘವು ಒಬ್ಬ ಆಟಗಾರರ ಹೆಸರನ್ನು ಪಂದ್ಯದ ಪಟ್ಟಿಯಿಂದ ಶಾಶ್ವತವಾಗಿ ಹೊಡೆದುಹಾಕಿತು. ಹಳಬರಿಗೆ ನೆನಪಿದೆ. ಅವರು ನನ್ನ ಅಕ್ಕ. ಆ ತೀರ್ಮಾನ ತಪ್ಪು. ಅದನ್ನು ಇಂದು ತಿದ್ದಬೇಕು ಎಂದು ಕೇಳಲು ನಿಂತಿದ್ದೇನೆ. ತಪ್ಪು ಎಂದು ನನಗೆ ಹೇಗೆ ಗೊತ್ತು ಎನ್ನುವುದನ್ನು ಮೊದಲಿನಿಂದ ಹೇಳುತ್ತೇನೆ. ಅಕ್ಕ, ನೀನು ಎದ್ದು ಹೋಗಬೇಡ.

ಹಿಂದಿನ ಸಾಲಿನವರಿಗಾಗಿ ಎರಡು ಮಾತು. ನಮ್ಮದು ದಾರ ಸುತ್ತಿ ನೆಲಕ್ಕೆ ಬೀಸುವ ಮರದ ಬುಗುರಿಯಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅಂಚಿಗೆ ಲೋಹದ ಬಳೆ, ಕೆಳಗೆ ಪ್ಲಾಸ್ಟಿಕ್ ಮೊನೆ. ಅದನ್ನು ಲಾಂಚರ್ ಎಂಬ ಹಿಡಿಕೆಗೆ ಸಿಕ್ಕಿಸಿ, ಹಲ್ಲುಗಳಿರುವ ಒಂದು ಪಟ್ಟಿಯನ್ನು ಸರ್ರನೆ ಎಳೆದರೆ ಬೋಗುಣಿಯಂಥ ಅಖಾಡಕ್ಕೆ ಹಾರಿ ಬಿದ್ದು ತಿರುಗುತ್ತದೆ. ಎದುರಾಳಿಯದೂ ಹಾಗೇ ಬೀಳುತ್ತದೆ. ಎರಡೂ ಗುದ್ದಾಡುತ್ತವೆ. ಕೊನೆಗೆ ಯಾವುದು ತಿರುಗುತ್ತಿರುತ್ತದೋ ಅದು ಗೆದ್ದಂತೆ. ಇಷ್ಟೇ. ಇಷ್ಟಕ್ಕೆ ಬಸ್ ಚಾಲಕರು, ಗುಮಾಸ್ತರು, ಅಜ್ಜಿಯರು ತಿಂಗಳಿಗೊಮ್ಮೆ ಯಾಕೆ ಸೇರುತ್ತಾರೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ.

ಯಾಕೆಂದರೆ ತಿರುಗುವುದು ನನಗೆ ಹೊಸದಲ್ಲ. ಮೂವತ್ತೊಂದು ವರ್ಷದಿಂದ ನಾನು ಫ್ಯಾನ್ ಕಾರ್ಖಾನೆಯ ಬ್ಯಾಲೆನ್ಸಿಂಗ್ ವಿಭಾಗದಲ್ಲಿದ್ದೇನೆ. ನಿಮ್ಮ ತಲೆಯ ಮೇಲಿನ ಫ್ಯಾನ್ ಅಲುಗಾಡದೆ ತಿರುಗುತ್ತಿದೆಯಲ್ಲ, ಹಾಗೆ ಮಾಡುವುದೇ ನನ್ನ ಕೆಲಸ. ಮೋಟಾರಿನ ತಿರುಗುವ ಭಾಗವನ್ನು ಯಂತ್ರಕ್ಕೆ ಕೂರಿಸುತ್ತೇವೆ. ಯಾವ ಕಡೆ ಭಾರ ಹೆಚ್ಚು ಎಂದು ಯಂತ್ರ ತೋರಿಸುತ್ತದೆ. ಆ ಕಡೆ ಚೂರು ಲೋಹ ತೆಗೆಯುತ್ತೇವೆ. ನಡುಕ ನಿಂತಿತೇ, ಒಳಗಡೆ ಒಂದು ಹಸಿರು ಬಣ್ಣದ ಚುಕ್ಕೆ ಇಟ್ಟು ಮುಂದಕ್ಕೆ ಕಳಿಸುತ್ತೇವೆ. ದಿನಕ್ಕೆ ಇನ್ನೂರು ಚುಕ್ಕೆ. ನನ್ನ ಬಲಗೈ ನನ್ನನ್ನು ಕೇಳದೆಯೇ ಚುಕ್ಕೆ ಇಡುತ್ತದೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ, 'ಊಟದ ಮೇಜಿನ ಕಾಲಿಗೆ ಕಾಗದ ತುರುಕಿ ತುರುಕಿ ಯಾಕೆ ನೋಡ್ತೀರಿ, ಅದೇನು ತಿರುಗುತ್ತಾ?' ಎಂದು ಕೇಳಿದ್ದಳು. ಅಲುಗಾಡುವುದನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಗುಣ ಎಂದುಕೊಂಡಿದ್ದೆ.

ಇನ್ನು ಅಕ್ಕನ ವಿಷಯ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ದೂರವಾಣಿ ಕೇಂದ್ರದಲ್ಲಿ ಕೆಲಸದಲ್ಲಿದ್ದಳು. ಸ್ವಯಂ ನಿವೃತ್ತಿ ಪಡೆದ ಮೊದಲ ವಾರವೇ ಮೆಟ್ಟಿಲ ಮೇಲೆ ಜಾರಿ ಬಲ ಮಣಿಕಟ್ಟು ಮುರಿದುಕೊಂಡಳು. ಮೂಳೆ ಕೂಡಿತು, ಆದರೆ ತುಸು ಓರೆಯಾಗಿ ಕೂಡಿತು. 'ಏನನ್ನಾದರೂ ಹಿಡಿದು ಎಳೆಯುವ ಅಭ್ಯಾಸ ಮಾಡಿ' ಎಂದರು ಚಿಕಿತ್ಸೆ ಕೊಟ್ಟವರು. ಅವರು ಹೇಳಿದ್ದು ರಬ್ಬರ್ ಪಟ್ಟಿಯನ್ನು. ಇವಳು ಆಟಿಕೆ ಅಂಗಡಿಗೆ ಹೋಗಿ ಲಾಂಚರನ್ನೂ ಬುಗುರಿಯನ್ನೂ ತಂದಳು.

'ರಬ್ಬರ್ ಎಳೆದರೆ ರಬ್ಬರ್ ಬರತ್ತೆ, ಅಷ್ಟೇ. ಇದನ್ನ ಎಳೆದರೆ ಏನೋ ಒಂದು ಆಗತ್ತಲ್ಲೋ' ಎಂದಳು.

ನಾನು ಅದನ್ನು ಮೊದಲು ನೋಡಿದ್ದು ಅವಳ ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುವ ಅಗಲ ತಟ್ಟೆಯಲ್ಲಿ. ಓರೆ ಕೈಯಿಂದ ಓರೆಯಾಗಿ ಎಳೆದಳು. ಬುಗುರಿ ಓರೆಯಾಗೇ ಬಿತ್ತು. ಬಿದ್ದದ್ದು ನೆಟ್ಟಗೆ ನಿಲ್ಲಲಿಲ್ಲ. ತೂರಾಡುತ್ತಾ ಅಂಚಿನ ತನಕ ಹೋಯಿತು, ಇನ್ನೇನು ಹಾರಿ ಹೊರಗೆ ಬಿತ್ತು ಅನ್ನುವಾಗ ತಲೆ ತಗ್ಗಿಸಿ ವಾಪಸು ಬಂತು, ನಡುವಿನಲ್ಲಿ ಅರೆಕ್ಷಣ ಯೋಚಿಸಿದಂತೆ ನಿಂತಿತು, ಮತ್ತೆ ಬೇರೆ ಕಡೆಗೆ ನುಗ್ಗಿತು. ತಟ್ಟೆ ಗುಂಯ್ ಎನ್ನುತ್ತಿತ್ತು. ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಡುವುದನ್ನೇ ನಾನು ಮರೆತಿದ್ದೆ. ಅದುವರೆಗೆ ಲಕ್ಷಾಂತರ ವಸ್ತುಗಳನ್ನು ತಿರುಗಿಸಿ ನೋಡಿದ್ದವನು ನಾನು. ಅವುಗಳಲ್ಲಿ ಒಂದೂ ಎಲ್ಲಿಗಾದರೂ ಹೋಗಬೇಕೆಂದು ಬಯಸಿದ್ದನ್ನು ಕಂಡಿರಲಿಲ್ಲ.

ಅದಕ್ಕೆ ಅವಳು ಕುಡುಕ ಎಂದು ಹೆಸರಿಟ್ಟಿದ್ದಳು. ಕುಡುಕನನ್ನು ಹಿಡಿದುಕೊಂಡು ಅವಳು ಈ ಸಂಘಕ್ಕೆ ಬಂದಳು, ನಾನು ಅವಳ ಹಿಂದೆ ಬಂದೆ. ಮುಂದಿನ ಹದಿನಾಲ್ಕು ತಿಂಗಳಲ್ಲಿ ಅವಳನ್ನು ಸೋಲಿಸಿದವರು ಯಾರಿದ್ದಾರೆ? ಕೈ ಎತ್ತಿ ನೋಡೋಣ. ನೋಡಿ, ಯಾರೂ ಇಲ್ಲ. ನನ್ನ ವೃತ್ತಿ ನೋಡಿ ನೀವು ನನ್ನನ್ನು ತಪಾಸಣೆಯ ಮೇಜಿನಲ್ಲಿ ಕೂರಿಸಿದಿರಿ. ಪಂದ್ಯಕ್ಕೆ ಮೊದಲು ಎಲ್ಲರ ಬುಗುರಿಯನ್ನೂ ತೂಗಿ, ಉಜ್ಜಿದ ಗುರುತಿದೆಯೇ ಎಂದು ನೋಡಿ ಬಿಡುವುದು ನನ್ನ ಹೊಣೆ.

ತಪ್ಪು ನಡೆದದ್ದು ವಾರ್ಷಿಕ ಪಂದ್ಯದ ಹಿಂದಿನ ದಿನ. ಅವಳ ಮನೆಗೆ ಹೋಗಿದ್ದೆ. ಅವಳು ಮಲಗಿದ್ದಳು. ಕುಡುಕ ಮೇಜಿನ ಮೇಲಿತ್ತು. ಕೈಗೆತ್ತಿಕೊಂಡು ಬೆರಳಲ್ಲಿ ತಿರುಗಿಸಿದೆ. ಒಂದು ಕಡೆ ಭಾರ. ಈ ದೋಷ ಇಟ್ಟುಕೊಂಡೇ ಇಷ್ಟು ಗೆದ್ದಳಲ್ಲ, ದೋಷ ತೆಗೆದುಬಿಟ್ಟರೆ ಇನ್ನು ಹೇಗಿರಬಹುದು ಎಂದು ನನಗೆ ಅನ್ನಿಸಿತು. ಅದನ್ನು ಜೇಬಿಗೆ ಹಾಕಿಕೊಂಡು ಕಾರ್ಖಾನೆಗೆ ಹೋದೆ. ಯಂತ್ರಕ್ಕೆ ಕೂರಿಸಿ, ಬಳೆಯ ಒಳಬದಿಯಲ್ಲಿ, ಒಂದು ಗ್ರಾಮಿನ ಹತ್ತರಲ್ಲಿ ಮೂರು ಪಾಲು ಲೋಹ ಉಜ್ಜಿ ತೆಗೆದೆ. ಮತ್ತೆ ತಿರುಗಿಸಿದೆ. ನಿಂತಿದೆಯೋ ತಿರುಗುತ್ತಿದೆಯೋ ತಿಳಿಯದಷ್ಟು ನಿಶ್ಚಲ. ಅಷ್ಟು ಒಳ್ಳೆಯ ಕೆಲಸವನ್ನು ನಾನು ಜೀವನದಲ್ಲಿ ಮಾಡಿರಲಿಲ್ಲ. ಅವಳು ಏಳುವ ಮೊದಲೇ ತಂದು ಅದೇ ಜಾಗದಲ್ಲಿಟ್ಟೆ. ಸಂಘದ ನಿಯಮ ನನಗೆ ಗೊತ್ತಿರಲಿಲ್ಲವೇ? ನಿಯಮ ಬರೆದ ಸಮಿತಿಯಲ್ಲಿ ನಾನಿದ್ದೆ. ಆದರೆ ನಿಜ ಹೇಳುತ್ತೇನೆ, ಅದು ಮೋಸ ಎಂದು ನನಗೆ ಹೊಳೆಯಲೇ ಇಲ್ಲ. ರಿಪೇರಿ ಎಂದುಕೊಂಡಿದ್ದೆ. ಮಾರನೆಯ ದಿನ ತಪಾಸಣೆಯ ಮೇಜಿನಲ್ಲಿ ನಾನೇ ಕೂತು, ನಾನೇ ಅದನ್ನು ತೂಗಿ, ನಾನೇ ಸರಿಯಿದೆ ಎಂದು ಬರೆದೆ.

ಮೊದಲ ಸುತ್ತು, ಎದುರಾಳಿ ನಮ್ಮ ಬಸ್ ಚಾಲಕರು. ಅಕ್ಕ ಎಂದಿನಂತೆ ಓರೆಯಾಗಿ ಎಳೆದಳು. ಕುಡುಕ ಬಿತ್ತು, ನೆಟ್ಟಗಾಯಿತು, ಅಖಾಡದ ನಟ್ಟನಡುವೆ ಹೋಗಿ ನಿಂತಿತು. ಅಲುಗಲಿಲ್ಲ. ಎಲ್ಲಿಗೂ ಹೋಗಲಿಲ್ಲ. ಚಾಲಕರ ಬುಗುರಿ ಬಂದು ಒಂದು ಏಟು ಕೊಟ್ಟಿತು, ಎರಡನೆಯದು ಕೊಟ್ಟಿತು, ಮೂರನೆಯದಕ್ಕೆ ಕುಡುಕ ಹಾರಿ ನೆಲಕ್ಕೆ ಬಿತ್ತು. ಗೆದ್ದ ಚಾಲಕರ ಮುಖದಲ್ಲೇ ಸಂತೋಷ ಇರಲಿಲ್ಲ. 'ಇದು ಅದಲ್ಲ ಸಾರ್, ಏನೋ ಆಗಿದೆ ಇದಕ್ಕೆ. ನೋಡಿ ಒಂದ್ಸಲ' ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು.

ಅಕ್ಕ ಬುಗುರಿಯನ್ನು ಎತ್ತಿಕೊಂಡು ಮಗುಚಿದಳು. ಬಳೆಯ ಒಳಗೆ ಒಂದು ಹಸಿರು ಚುಕ್ಕೆ ಇತ್ತು.

ಹೌದು. ನನ್ನ ಕೈ ಇಟ್ಟದ್ದು. ಇಟ್ಟದ್ದು ನನಗೇ ನೆನಪಿರಲಿಲ್ಲ, ತೂಗುವಾಗಲೂ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಕೆಲಸ ಏನೆಂದು ಅವಳಿಗೆ ಗೊತ್ತಿಲ್ಲವೇ? ಒಂದು ಸಲ ಚುಕ್ಕೆಯನ್ನು ನೋಡಿದಳು, ಒಂದು ಸಲ ನನ್ನನ್ನು ನೋಡಿದಳು. ಆಮೇಲೆ ಹೆಬ್ಬೆರಳನ್ನು ಒಳಗೆ ಹಾಕಿ, ಇನ್ನೂ ಪೂರ್ತಿ ಒಣಗದ ಬಣ್ಣವನ್ನು ಒತ್ತಿ ಉಜ್ಜಿದಳು. ಉಜ್ಜಿಕೊಂಡೇ ಅಧ್ಯಕ್ಷರ ಹತ್ತಿರ ಹೋಗಿ ಬುಗುರಿಯನ್ನು ಕೊಟ್ಟಳು. ಡಾಕ್ಟರು ಹಲ್ಲು ನೋಡುವ ಕನ್ನಡಿಯನ್ನೇ ಹಿಡಿದು ನೋಡಿದರು. ಉಜ್ಜಿದ ಗುರುತು ಸಿಕ್ಕಿತು. ಚುಕ್ಕೆ ಸಿಗಲಿಲ್ಲ.

'ಯಾರು ಮಾಡಿದ್ದು ಇದನ್ನ?' ಎಂದು ಡಾಕ್ಟರು ಕೇಳಿದರು.

'ನನ್ನ ಬುಗುರಿ. ನಾನೇ ಮಾಡಿದ್ದು' ಎಂದಳು ಅಕ್ಕ.

ಆಗ ನಾನು ಎಲ್ಲಿದ್ದೆ? ಮೂರು ಹೆಜ್ಜೆ ದೂರದಲ್ಲಿ, ತಕ್ಕಡಿಯ ಪಕ್ಕದಲ್ಲಿದ್ದೆ. ಏನು ಹೇಳಿದೆ? ಏನೂ ಹೇಳಲಿಲ್ಲ. ತಪಾಸಕನೇ ಉಜ್ಜಿದ ಎಂದರೆ ಈ ಮೇಜು ಹೋಗುತ್ತಿತ್ತು, ಕಾರ್ಖಾನೆಯ ಯಂತ್ರಕ್ಕೆ ಆಟಿಕೆ ಹಾಕಿದ ಎಂದರೆ ಅಲ್ಲಿಯೂ ಮಾತು ಬರುತ್ತಿತ್ತು. ಹೀಗೆಲ್ಲ ಲೆಕ್ಕ ಹಾಕಿದೆ ಎಂದು ಹೇಳಿದರೂ ಅದು ಅರ್ಧ ಸುಳ್ಳು. ಅಷ್ಟೆಲ್ಲ ಯೋಚಿಸಲು ಸಮಯವೇ ಇರಲಿಲ್ಲ. ಅವಳು ನನ್ನ ಮುಂದೆ ನಿಂತುಬಿಟ್ಟಳು, ನಾನು ಹಿಂದೆ ನಿಂತುಬಿಟ್ಟೆ. ಬಹುಶಃ ಅಭ್ಯಾಸ. ಅವಳ ಹೆಬ್ಬೆರಳು ಹಸಿರಾಗಿತ್ತು. ಈ ಸಭಾಂಗಣದಲ್ಲಿ ಅದನ್ನು ನೋಡಿದವನು ನಾನೊಬ್ಬನೇ.

ಹೊರಗೆ ಬಂದಾಗ ಅವಳು ಕೇಳಿದ್ದು ಒಂದೇ ಮಾತು. 'ಅದಕ್ಕೇನಾಗಿತ್ತು ಅಂತ ಸರಿ ಮಾಡಿದೆಯೋ?'

ಸಭಿಕರೇ, ನನ್ನ ಸಂಗ್ರಹ ಶುರುವಾದದ್ದು ಆ ವಾರ. ಆಗ ನನಗೆ ನಲವತ್ತೊಂಬತ್ತು. ಆಹ್ವಾನಪತ್ರಿಕೆಯಲ್ಲಿ 'ಬುಗುರಿ ಪ್ರೇಮಿ' ಎಂದು ಅಚ್ಚಾಗಿದೆ, ದಯವಿಟ್ಟು ತಿದ್ದಿಕೊಳ್ಳಿ. ತೆಗೆದ ಲೋಹವನ್ನು ವಾಪಸು ಅಂಟಿಸಲು ನೋಡಿದೆ, ಆಗಲಿಲ್ಲ. ಅದೇ ಬಣ್ಣ, ಅದೇ ಅಚ್ಚಿನ ಬುಗುರಿಗಳು ಅಂಗಡಿಯಲ್ಲಿ ಸಾಲಾಗಿ ತೂಗುತ್ತಿವೆಯಲ್ಲ, ಅವುಗಳಲ್ಲಿ ಒಂದಾದರೂ ಕುಡುಕನ ಹಾಗೆ ಇರದೇ ಹೋಗುತ್ತದೆಯೇ ಎಂದುಕೊಂಡು ಒಂದು ತಂದೆ. ಅಲ್ಲ. ಆರು ತಂದೆ. ಅಲ್ಲ. ಹಳೆ ಸಾಮಾನಿನ ಅಂಗಡಿಗಳು, ಮುಚ್ಚುತ್ತಿರುವ ಅಂಗಡಿಗಳು, ಬೇರೆ ಊರಿನ ಅಂಗಡಿಗಳು. ಆಟಿಕೆ ಅಂಗಡಿಯಾಕೆ ಮೊದಮೊದಲು 'ಮೊಮ್ಮಗನಿಗಾ?' ಎಂದು ಕೇಳುತ್ತಿದ್ದರು. ನನ್ನ ನರೆತ ಕೂದಲಿನ ಮೇಲೆ ಅವರಿಗೆ ಅಷ್ಟು ಗೌರವ. ಆಮೇಲೆ ಕೇಳುವುದನ್ನು ಬಿಟ್ಟರು.

ಮನೆಯಲ್ಲಿ ಅಖಾಡಕ್ಕೆ ತೆಳ್ಳಗೆ ಪೌಡರ್ ಉದುರಿಸಿ ಒಂದೊಂದನ್ನೇ ಬಿಡುತ್ತಿದ್ದೆ. ಬುಗುರಿ ನಡೆದ ದಾರಿ ಪೌಡರಿನಲ್ಲಿ ಮೂಡುತ್ತದೆ. ಅದರ ಫೋಟೋ ತೆಗೆದು, ನಂಬರು ಹಾಕಿ ಇಡುತ್ತಿದ್ದೆ. ಹುಡುಕುತ್ತಿದ್ದದ್ದು ಒಂದೇ ದಾರಿಯನ್ನು, ಅದು ನನ್ನ ಕಣ್ಣಲ್ಲಿತ್ತು. ಆದರೆ ಮೂವತ್ತೋ ನಲವತ್ತೋ ಆದ ಮೇಲೆ ಒಂದು ದಿನ ಎಲ್ಲ ಫೋಟೋಗಳನ್ನೂ ನೆಲದ ಮೇಲೆ ಹರಡಿ ಕೂತೆ. ಒಂದೇ ಅಚ್ಚು, ಒಂದೇ ತೂಕ, ಒಂದೇ ಡಬ್ಬಿ. ಎಳೆದದ್ದು ಒಂದೇ ಕೈ. ಒಂದರ ದಾರಿ ಹೂವಿನ ಎಸಳಿನಂತೆ, ಒಂದರದ್ದು ಸುರುಳಿ, ಒಂದು ಅಂಚನ್ನೇ ಸುತ್ತಿ ಸುತ್ತಿ ಒಳಗೆ ಬರಲು ಒಪ್ಪಿಯೇ ಇಲ್ಲ, ಒಂದು ಯಾರೋ ಅವಸರದಲ್ಲಿ ಮಾಡಿದ ಸಹಿಯಂತೆ. ಕೂದಲೆಳೆಯಷ್ಟು ಭಾರ ಆಚೀಚೆಯಾದದ್ದಕ್ಕೆ ಇಷ್ಟು ಬೇರೆ ಬೇರೆ ದಾರಿ. ನಾನು ಮೂವತ್ತೊಂದು ವರ್ಷ ಚುಕ್ಕೆ ಇಟ್ಟು ಕಳಿಸಿದ್ದು ಇದನ್ನೇ ತೆಗೆದುಹಾಕಿ ಅಲ್ಲವೇ? ಫ್ಯಾನಿಗೆ ಅದು ಸರಿ, ಫ್ಯಾನು ತಲೆಯ ಮೇಲೆ ಬೀಳಬಾರದು. ಎಲ್ಲವೂ ಫ್ಯಾನ್ ಅಲ್ಲ ಎಂದು ತಿಳಿಯಲು ನನಗೆ ಅರ್ಧ ಆಯುಸ್ಸು ಬೇಕಾಯಿತು.

ನೂರ ಎಂಬತ್ತಮೂರರಲ್ಲಿ ಎರಡು ಒಂದೇ ಥರ ಇಲ್ಲ. ಕುಡುಕನ ಥರ ಒಂದೂ ಇಲ್ಲ. ಹತ್ತಿರದ್ದು ನೂರ ಹನ್ನೆರಡನೆಯದು. ಹೋದ ತಿಂಗಳು ಅದನ್ನು ಅಕ್ಕನ ಮನೆಗೆ ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟು, 'ಇದನ್ನ ನೋಡು' ಎಂದೆ. ನಾಲ್ಕು ವರ್ಷದಲ್ಲಿ ಅವಳು ಲಾಂಚರ್ ಮುಟ್ಟಿರಲಿಲ್ಲ. ಅದನ್ನು ಕೈಗೆತ್ತಿಕೊಂಡು ಮಗುಚಿದಳು. ಆಮೇಲೆ ಅದೇ ತಟ್ಟೆ ತಂದಳು. ಎಳೆದಳು. ಬುಗುರಿ ಎಡಕ್ಕೆ ನುಗ್ಗಿತು, ಅಂಚು ಹತ್ತಿತು, ಹಿಂದಕ್ಕೆ ಬಂತು, ಕುಡುಕ ತಿರುಗುತ್ತಿದ್ದ ಕಡೆ ತಿರುಗದೆ ಬೇರೆಲ್ಲಿಗೋ ಹೋಯಿತು.

'ಇದು ಅವನಲ್ಲ ಕಣೋ' ಎಂದಳು. 'ಇದಕ್ಕೆ ಬೇರೆ ಹುಚ್ಚು.'

ಆದರೆ ಕೈ ಬಿಡಲಿಲ್ಲ. ಎರಡನೆಯ ಸಲ ಎಳೆದಳು, ಹತ್ತನೆಯ ಸಲ ಎಳೆದಳು. ಪ್ರತಿ ಸಲವೂ ಮಣಿಕಟ್ಟನ್ನು ಒಂಚೂರು ಬದಲಿಸುತ್ತಿದ್ದಳು, ಅದು ಏನು ಕೇಳುತ್ತಿದೆ ಎಂದು ವಿಚಾರಿಸುವ ಹಾಗೆ. ಅದೂ ಉತ್ತರ ಕೊಡುತ್ತಿತ್ತು. ಓರೆಯಾಗಿ ಕೂಡಿದ ಮೂಳೆಗೂ ಓರೆಯಾಗಿ ಹುಟ್ಟಿದ ಲೋಹಕ್ಕೂ ನಡೆಯುತ್ತಿದ್ದ ಆ ಮಾತುಕತೆಯನ್ನು ನಾನು ಗೋಡೆಗೆ ಒರಗಿ ಮುಕ್ಕಾಲು ಗಂಟೆ ನೋಡಿದೆ. ಯಾವ ಯಂತ್ರವೂ ಅದನ್ನು ಅಳೆಯಲಾರದು. ಕೊನೆಗೆ ಲಾಂಚರನ್ನು ಕೆಳಗಿಟ್ಟು, 'ಒಂದು ವರ್ಷ ಆಡಿದ್ರೆ ಇದು ಕೈಗೆ ಬರತ್ತೆ' ಎಂದಳು. ಆಮೇಲೆ 'ಆಡೋಕೆ ಎಲ್ಲಿ ಬಿಡ್ತಾರೆ' ಎಂದು ತಟ್ಟೆಯನ್ನು ಎತ್ತಿಟ್ಟಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಇಂದು ಇಲ್ಲಿ ನಿಲ್ಲುತ್ತಿರಲಿಲ್ಲವೇನೋ.

ಆದ್ದರಿಂದ ಅಧ್ಯಕ್ಷರೇ, ನನ್ನ ಕೋರಿಕೆ ಇದು. ಆ ಬುಗುರಿಯನ್ನು ಉಜ್ಜಿದವನು ನಾನು. ಉಜ್ಜಿದ್ದನ್ನು ಸರಿಯಿದೆ ಎಂದು ಬರೆದವನೂ ನಾನು. ಸಂಘದ ಪುಸ್ತಕದಲ್ಲಿ ಅಕ್ಕನ ಹೆಸರಿನ ಮುಂದೆ ಬರೆದಿರುವುದನ್ನು ನನ್ನ ಹೆಸರಿನ ಮುಂದೆ ಬರೆಯಿರಿ. ತಪಾಸಣೆಯ ತಕ್ಕಡಿಯನ್ನು ಬಸ್ ಚಾಲಕರಿಗೆ ಕೊಡಿ, ಅಂದು ಎಲ್ಲಕ್ಕಿಂತ ಮೊದಲು ಸರಿಯಾಗಿ ನೋಡಿದವರು ಅವರು. ಈ ಸಭೆಯಾದ ಮೇಲೆ ನಡೆಯುವ ಪಂದ್ಯದ ಮೊದಲ ಸುತ್ತಿನಲ್ಲಿ ನನ್ನ ಹೆಸರಿದೆ. ಅದನ್ನು ಹೊಡೆದುಹಾಕಿದರೆ ಒಂದು ಜಾಗ ಖಾಲಿಯಾಗುತ್ತದೆ. ಅದು ಯಾರದ್ದಾಗಬೇಕು ಎಂದು ನಾನು ಹೇಳಬೇಕಾಗಿಲ್ಲ.

ಅಕ್ಕ, ನಿನ್ನನ್ನು ಕೇಳದೆ ಇದನ್ನೆಲ್ಲ ಹೇಳಿದೆ. ಕೇಳಿದ್ದರೆ ನೀನು ಮತ್ತೆ ಹೆಬ್ಬೆರಳಲ್ಲಿ ಉಜ್ಜಿಬಿಡುತ್ತಿದ್ದೆ. ಅಂದು ನಿನ್ನ ಮನೆಯಲ್ಲೇ ಬಿಟ್ಟುಬಂದ ನೂರ ಹನ್ನೆರಡನ್ನು ನೀನು ಚೀಲದಲ್ಲಿ ತಂದಿದ್ದೀಯೋ ಇಲ್ಲವೋ ನನಗೆ ಗೊತ್ತಿಲ್ಲ. ಆಡುವುದು ಬಿಡುವುದು ನಿನಗೆ ಬಿಟ್ಟದ್ದು. ಆಡಿದರೆ ಅದು ಯಾವ ಕಡೆ ಹೋಗುತ್ತದೆ ಎನ್ನುವುದೂ ನನಗೆ ಗೊತ್ತಿಲ್ಲ. ಇಷ್ಟು ವರ್ಷ ಗೊತ್ತಿದೆ ಎಂದುಕೊಂಡು ಬದುಕಿದವನಿಗೆ ಹೀಗೆ ಹೇಳುವುದೇ ಒಂದು ಸುಖವಾಗಿದೆ.

ಗಡಿಯಾರ ನೋಡುತ್ತಿದ್ದವರೂ ನೋಡುವುದನ್ನು ಬಿಟ್ಟು ಕೇಳಿದಿರಿ, ನಿಮಗೂ ವೇದಿಕೆಯವರಿಗೂ ನನ್ನ ಕೃತಜ್ಞತೆ. ಇನ್ನು ಈ ಮೈಕನ್ನು ಪಕ್ಕಕ್ಕೆ ಸರಿಸಿ, ಅಖಾಡವನ್ನು ಎಲ್ಲರಿಗೂ ಕಾಣುವ ಹಾಗೆ ಮುಂದಕ್ಕೆ ಎಳೆಯಿರಿ.

ನಮಸ್ಕಾರ.