ಮಾಹಿತಿದಾರೆ ಹದಿನಾಲ್ಕು

ಈ ಕಾರ್ಯಾಗಾರದ ಅಧ್ಯಕ್ಷರೂ ಕಾಲೇಜಿನ ಪ್ರಾಂಶುಪಾಲರೂ ಆದ ನಂದೀಶ್ವರಯ್ಯನವರೇ, ಶಿರಾದ ಮಗಳೂ ನನ್ನನ್ನು ಮಧುಗಿರಿಯ ಈ ವೇದಿಕೆ ಹತ್ತಿಸಿದವರೂ ಆದ ಡಾಕ್ಟರ್ ಬುಷ್ರಾ ಅವರೇ, ಈಗಷ್ಟೇ ಪಿಎಚ್.ಡಿ.ಗೆ ಸೇರಿ ಮುಂದೇನು ಎಂದು ಯೋಚಿಸುತ್ತ ಕುಳಿತಿರುವ ಸಂಶೋಧನಾರ್ಥಿಗಳೇ, ಊಟದ ವಾಸನೆ ಬರುತ್ತಿದ್ದರೂ ಎದ್ದು ಹೋಗದ ಸಭಿಕರೇ,

ನನಗೆ ಕೊಟ್ಟಿರುವ ವಿಷಯ ‘ಯುವ ಸಂಶೋಧಕರ ವೃತ್ತಿ ಬೆಳವಣಿಗೆ’. ನಾನು ಅಡವಯ್ಯ, ಪಾವಗಡ ತಾಲ್ಲೂಕು ರಾಯಚರ್ಲಿನ ನಿವೃತ್ತ ಪ್ರಾಥಮಿಕ ಶಾಲಾ ಮೇಷ್ಟ್ರು. ಸಂಶೋಧನೆ ಮಾಡಿದವನಲ್ಲ, ಸಂಶೋಧನೆಗೆ ಒಳಗಾದವನು. ನಮ್ಮ ಹೊಲಗಳು ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋದ ಮೇಲೆ ಒಂಬತ್ತು ಜನ ಪ್ರಶ್ನಾವಳಿ ಹಿಡಿದು ನಮ್ಮ ಮನೆಗೆ ಬಂದರು. ಅವರಲ್ಲಿ ಆರು ಜನ ಡಾಕ್ಟರಾಗಿದ್ದಾರೆ. ಇಷ್ಟು ಒಳ್ಳೆಯ ಫಲಿತಾಂಶ ನನ್ನ ಶಾಲೆಯಲ್ಲಿ ಒಮ್ಮೆಯೂ ಬರಲಿಲ್ಲ.

ಮೊದಲನೆಯ ಮಾತು: ಲೇಖನವನ್ನು ತಿದ್ದುತ್ತಲೇ ಕೂರಬೇಡಿ, ಕಳಿಸಿ. ಒಂದು ಪತ್ರಿಕೆ ತಿರಸ್ಕರಿಸಿದರೆ ಇನ್ನೊಂದಕ್ಕೆ ಕಳಿಸಿ. ಎರಡನೆಯದು: ಗೈಡ್ ಒಬ್ಬರನ್ನೇ ನಂಬಿ ಕೂರದೆ ನಾಲ್ಕು ಜನ ಹಿರಿಯರ ಪರಿಚಯ ಮಾಡಿಕೊಳ್ಳಿ. ಈ ಎರಡೂ ಬುಷ್ರಾ ಚೀಟಿಯಲ್ಲಿ ಬರೆದುಕೊಟ್ಟದ್ದು. ಇನ್ನು ಮುಂದಿನದು ನನ್ನದು.

ಯಾರ ಮನೆಗೆ ಹೋದರೂ ಗಡಿಯಾರ ನೋಡಬೇಡಿ. ಎಂಟು ಜನ ಫಾರಂ ತುಂಬಿಸಿಕೊಂಡು ಸಂಜೆ ಬಸ್ಸಿಗೆ ಹೋದರು. ಬುಷ್ರಾ ಮಾತ್ರ ನಾಲ್ಕು ತಿಂಗಳು ಇದ್ದರು. ಅವರು ಪುಸ್ತಕ ತೆಗೆದರೆ ಸಾಕು, ಮೊದಲು ಊಟ ಮಾಡು ಎಂದು ನಮ್ಮ ಮನೆಯವಳು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಗದರುವಳು: “ಮುಂದು ಅನ್ನಂ ತಿನಮ್ಮಾ, ಆಮ್ಯಾಕೆ ಬರ್ಕಳುವಂತೆ.” ನನ್ನ ಜೊತೆ ಅಷ್ಟು ಮಾತಾಡಿದವಳಲ್ಲ. ಆ ಹುಡುಗಿಯ ಮುಂದೆ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಏನು ಹೇಳುತ್ತಿದ್ದಾಳೆ ಎಂದು ನಾನು ಕಿವಿಗೊಟ್ಟೆನೇ? ಇಲ್ಲ. ಪೇಪರ್ ಓದುತ್ತಿದ್ದೆ.

ಕೊನೆಯ ದಿನ ಬುಷ್ರಾ ಒಪ್ಪಿಗೆ ಪತ್ರ ತೆಗೆದರು. ಪ್ರಬಂಧದಲ್ಲಿ ಹೆಸರು ಹಾಕಬಹುದೋ, ಗುಟ್ಟಾಗಿಡಬೇಕೋ ಎಂಬ ಪ್ರಶ್ನೆ ಅದರಲ್ಲಿತ್ತು. ಓದು ಬಾರದ ಹೆಂಡತಿಯ ಪರವಾಗಿ ನಾನೇ ಗುಟ್ಟಾಗಿಡಿ ಎಂದು ಗುರುತು ಹಾಕಿ, ಸಹಿಯನ್ನೂ ಮಾಡಿದೆ. ಮನೆ ಹೆಂಗಸಿನ ಹೆಸರು ಊರೂರಿನವರ ಬಾಯಲ್ಲಿ ಯಾಕೆ ಎಂಬ ಮೇಷ್ಟ್ರ ಬುದ್ಧಿ.

ಮೂರು ವರ್ಷದ ಮೇಲೆ ಅವಳು ತೀರಿಕೊಂಡಳು. ಅದಾದ ಮೇಲೆ ಬುಷ್ರಾ ದಪ್ಪ ಬೈಂಡಿನ ಪ್ರಬಂಧ ತಂದುಕೊಟ್ಟರು. ಮೊದಲ ಪುಟದಿಂದ ಹುಡುಕಿದೆ. ಎಲ್ಲೂ ಅವಳಿಲ್ಲ, ಬರೀ ಮಾಹಿತಿದಾರೆ ಒಂದು, ಮಾಹಿತಿದಾರೆ ಎರಡು. ಕೊನೆಗೆ ಒಂದು ಕಡೆ ‘ಹೊಲ ಹೋದದ್ದರಿಂದ ಏನು ಕಳೆದುಕೊಂಡಿರಿ’ ಎಂಬ ಪ್ರಶ್ನೆ. ಎಲ್ಲರೂ ಶೇಂಗಾ ಎಂದಿದ್ದಾರೆ, ದನ ಎಂದಿದ್ದಾರೆ. ಮಾಹಿತಿದಾರೆ ಹದಿನಾಲ್ಕು ಹೇಳಿದ್ದು ಹೀಗಿದೆ: “ಹೊಲ ಇದ್ದಾಗ ಮೇಷ್ಟ್ರು ಇಸ್ಕೂಲಿಗೆ ಹೋಗ್ವಾಗ ಸೈಕಲ್ ತಳ್ಕಂಡು ನನ್ ಜತೆ ಹೊಲದ್ ತಂಕ ನಡ್ಕಂಡ್ ಬರೋರು. ಇವಾಗ ನಂಗೆ ಆ ದಾರೀಲಿ ಕೆಲ್ಸ ಇಲ್ಲ. ಅವ್ರು ಸೈಕಲ್ ಹತ್ತಿ ಒಬ್ರೇ ಹೊಂಟೋಗ್ತಾರೆ. ನಾನು ಬಾಗ್ಲಾಗೆ ನಿಂತ್ಕಂಡು ನೋಡ್ತೀನಿ ಕಣಮ್ಮ.”

ಸಭಿಕರೇ, ನಮ್ಮೂರಲ್ಲಿ ಸೈಕಲ್ ತಳ್ಳುತ್ತಿದ್ದ ಮೇಷ್ಟ್ರು ನಾನೊಬ್ಬನೇ. ಅವಳು ಬಾಗಿಲಲ್ಲಿ ನಿಲ್ಲುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ. ಒಂದು ಸಲ ತಿರುಗಿ ನೋಡಿದ್ದರೆ ಗೊತ್ತಾಗುತ್ತಿತ್ತು. ಈಗ ಸಂಜೆ ಹೊತ್ತು ಪಾರ್ಕಿನ ಬೇಲಿಯವರೆಗೂ ಸೈಕಲ್ ತಳ್ಳಿಕೊಂಡೇ ಹೋಗಿ ಬರುತ್ತೇನೆ. ಹತ್ತುವುದಕ್ಕೆ ಮನಸ್ಸು ಬರುವುದಿಲ್ಲ. ಅವಳ ನೆನಪು ಬಹಳ ಆಗುತ್ತದೆ.

ಕ್ಷಮಿಸಿ, ವಿಷಯಕ್ಕೆ ಬರುತ್ತೇನೆ. ಆ ಪ್ರಬಂಧ ಪುಸ್ತಕವಾಗಿ ಮುಂದಿನ ವಾರ ಅಚ್ಚಿಗೆ ಹೋಗುತ್ತಿದೆ. ಅದಕ್ಕಾಗಿ ಬುಷ್ರಾ ಹಳೆಯ ರೆಕಾರ್ಡಿಂಗ್ ಮತ್ತೆ ಕೇಳಿ, ಮೊನ್ನೆ ನನಗೂ ಕೇಳಿಸಿದರು. ಕೊನೆಯಲ್ಲಿ ಅವಳ ದನಿ: “ಇಷ್ಟೆಲ್ಲ ಹೇಳಿವ್ನಿ, ನನ್ ಹೆಸ್ರು ಸರ್ಯಾಗಿ ಹಾಕಮ್ಮ.” ಆಮೇಲೆ ತನ್ನ ಹೆಸರು ಹೇಳುತ್ತಾಳೆ. ಅದರ ಹಿಂದೆಯೇ ನನ್ನ ದನಿ: “ಹೆಸ್ರು ಗಿಸ್ರು ಏನೂ ಬ್ಯಾಡ, ಸುಮ್ಕಿರೇ.” ಮುಂದೆ ಫ್ಯಾನಿನ ಸದ್ದು ಮಾತ್ರ ಇದೆ.

ಬುಷ್ರಾ ಅವರೇ, ನಿಯಮ ಏನಿದೆಯೋ ನೀವೇ ಬಲ್ಲಿರಿ. ಅವಳ ಪರವಾಗಿ ನಾನು ಇನ್ನೊಂದು ಸಹಿ ಹಾಕುವುದಿಲ್ಲ, ಹಾಕಿದ್ದೇ ಸಾಕು. ಅವಳೇ ಬಾಯಿಬಿಟ್ಟು ಹೇಳಿದ್ದಾಳೆ. ನನ್ನ ಮಾತು ಬಿಟ್ಟು ಅವಳ ಮಾತು ಕೇಳಿ ಎಂದು ಈ ಸಭೆಯ ಮುಂದೆ ಬೇಡಿಕೊಳ್ಳುತ್ತೇನೆ.

ಮಕ್ಕಳೇ, ವೃತ್ತಿಯಲ್ಲಿ ಮೇಲೆ ಬನ್ನಿ, ಪ್ರೊಫೆಸರಾಗಿ. ಆದರೆ ಹೆಂಡತಿಯ ಉತ್ತರವನ್ನು ಗಂಡನ ಹತ್ತಿರ ಕೇಳಬೇಡಿ. ಇಷ್ಟು ಹೊತ್ತೂ ನೀವು ಯಾರೂ ಏನೂ ಬರೆದುಕೊಳ್ಳಲಿಲ್ಲ, ನಾನು ನೋಡುತ್ತಲೇ ಇದ್ದೇನೆ. ಈಗ ಪೆನ್ನು ತೆಗೆಯಿರಿ. ಸಂಸಾರ ಮಾಡಿದ ನಲವತ್ತೊಂದು ವರ್ಷ ನಾನು ಅವಳನ್ನು ಲೇ, ಇವಳೇ ಎಂದು ಕರೆದೆನೇ ಹೊರತು ಹೆಸರು ಹಿಡಿದು ಕರೆಯಲಿಲ್ಲ. ಮೇಷ್ಟ್ರಾಗಿ ಉಕ್ತಲೇಖನ ಕೊಟ್ಟು ಅಭ್ಯಾಸ, ಎರಡು ಸಲ ಹೇಳುತ್ತೇನೆ, ಬರೆದುಕೊಳ್ಳಿ.

ಚನ್ನಮಲ್ಲಮ್ಮ.

ಚನ್ನಮಲ್ಲಮ್ಮ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞತೆ. ನಮಸ್ಕಾರ.