ಹೂವಮ್ಮನ ಕಾರಿಗೆ ಹೊಸ ಬಾಲ್ ಜಾಯಿಂಟು

ತೀರ್ಥಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಮುಕುಂದಯ್ಯನ ಕಿವಿಗೆ ಪಕ್ಕದ ಗ್ಯಾರೇಜಿನ ಮಾತು ಬಿತ್ತು. ಮೇಸ್ತ್ರಿ ದುಗ್ಗಪ್ಪ ಹಳೇ ಕಾರನ್ನು ಜಾಕಿನಿಂದ ಇಳಿಸುತ್ತಿದ್ದ. ಎದುರಿಗೆ, ಹೋದ ವರ್ಷ ಗಂಡನನ್ನು ಕಳೆದುಕೊಂಡ ಹೂವಮ್ಮ ನಿಂತಿದ್ದರು.

“ಮುಂದಿನ ಚಕ್ರ ತಿರುಗೋ ಕೀಲು, ಬಾಲ್ ಜಾಯಿಂಟು, ಎರಡೂ ಸವೆದಿದ್ವು ಅಮ್ಮ. ಅದಕ್ಕೇ ಗಾಡಿ ಒಂದ್ ಕಡೆಗೆ ಎಳೀತಿತ್ತು. ಹೊಸದು ಕೂರಿಸಿದೀನಿ.”

“ಆಗುಂಬೆ ಘಾಟಿ ಇಳಿದು ಹತ್ತಬಹುದಾ? ಮಗಳನ್ನ ಉಡುಪಿಯಿಂದ ಹೆರಿಗೆಗೆ ಕರ್ಕೊಂಡ್ ಬರ್ಬೇಕು. ಬಸ್ಸಿನ ಕುಲುಕಾಟ ಬೇಡ ಅಂದಿದಾರೆ ಡಾಕ್ಟ್ರು.”

“ಧಾರಾಳವಾಗಿ ಹೋಗ್ಬಹುದು. ಡ್ರೈವರ್ ಯಾರು?”

“ನಾನೇ. ಯಜಮಾನ್ರು ಕಲಿಸಿದ್ರು. ಅವರು ಹೋದ್ಮೇಲೆ ಮುಟ್ಟಿರಲಿಲ್ಲ, ಅಷ್ಟೆ.”

ದುಗ್ಗಪ್ಪ ಕೈ ಒರೆಸಿಕೊಂಡ. “ಹಂಗಾರೆ ಸೇತುವೆವರೆಗೆ ಹೋಗಿ ಬರಾಣ. ನಾನು ಪಕ್ಕದಲ್ಲಿ ಕೂತಿರ್ತೀನಿ.”

ಕಾರು ಮೆಲ್ಲಗೆ ರಸ್ತೆಗೆ ಹೊರಳಿತು. ಮುಕುಂದಯ್ಯ ಎದ್ದು ನಿಂತು ನೋಡಿದ. ತೆರೆದ ಕಿಟಕಿಯಿಂದ ಹೂವಮ್ಮನ ದನಿ ಕೇಳಿಸಿತು: “ಎಲ್ಲೂ ಎಳೆಯೋದಿಲ್ಲ ದುಗ್ಗಪ್ಪ. ನೆಟ್ಟಗೆ ಹೋಗ್ತಿದೆ.”